ಕಾಲೋನಿಗೆ ನೀರು ಬಂದದ್ದು ಹೇಗೆ: ಅರಸೀಕೆರೆ ತಾಲ್ಲೂಕಿನ ಒಂದು ಪಂಚಾಯಿತಿಯ ಪ್ರಕರಣ

2023ರ ಮಾರ್ಚ್ ಕೊನೆಯ ವಾರ, ಬೆಳಿಗ್ಗೆ ಆರೂವರೆ. ಅರಸೀಕೆರೆ ತಾಲ್ಲೂಕಿನ ಒಂದು ಊರಿನ ಕಾಲೋನಿಯಲ್ಲಿ, ಅಂದರೆ ಪರಿಶಿಷ್ಟ ಜಾತಿಯವರ ಕೇರಿಯಲ್ಲಿ, ಹೊಸ ತೊಂಬೆಯ ನಲ್ಲಿಯಲ್ಲಿ ಮೊದಲ ಸಲ ನೀರು ಬಂತು. ನಾನೂ ಅಲ್ಲೇ ನಿಂತಿದ್ದೆ. ಒಬ್ಬ ಅಜ್ಜಿ ಕೊಡ ತುಂಬಿಸಿಕೊಂಡು ನಾಲ್ಕು ಹೆಜ್ಜೆ ಹೋದವರು ವಾಪಸ್ ಬಂದು ನಲ್ಲಿಯನ್ನು ಮತ್ತೆ ತಿರುಗಿಸಿ ನೋಡಿದರು. ನೀರು ಇನ್ನೂ ಬರುತ್ತಿತ್ತು.

ಕಾಲೋನಿಗೆ ಪೈಪ್ ಮುಂಚೆಯೇ ಇತ್ತು. ನೀರು ಇರಲಿಲ್ಲ. ಊರ ಟ್ಯಾಂಕಿನಿಂದ ಹೊರಡುವ ಲೈನಿನ ಕಟ್ಟಕಡೆ ಈ ಕಾಲೋನಿ, ಅದೂ ಸ್ವಲ್ಪ ದಿಣ್ಣೆ ಮೇಲೆ. ದಾರಿಯಲ್ಲಿರುವ ಮನೆಗಳವರು ಪೈಪಿಗೇ ಮೋಟಾರ್ ಹಾಕಿ ಎಳೆದುಕೊಂಡರೆ ಇಲ್ಲಿಗೆ ಬರುವುದು ಬರೀ ಗಾಳಿ. ಜಲಜೀವನ್ ಮಿಷನ್ನಿನಲ್ಲಿ, ಅಂದರೆ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಕರೆಯುತ್ತಾರಲ್ಲ ಅದರಲ್ಲಿ, ಪ್ರತಿ ಮನೆ ಮುಂದೆ ನಲ್ಲಿ ನಿಲ್ಲಿಸಿದ್ದರು. ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವುದು ಆ ಯೋಜನೆಯ ಲೆಕ್ಕ. ಲೆಡ್ಜರಿನಲ್ಲಿ ಕಾಲೋನಿಯ ಮನೆಗಳೆಲ್ಲ ‘ಸಂಪರ್ಕ ಆಗಿದೆ’ ಅಂತಲೇ ಇದ್ದವು. ಹೆಂಗಸರು ಮಾತ್ರ ಎಂದಿನಂತೆ ತೋಟದ ಬೋರ್‌ವೆಲ್ಲಿಗೆ ಕೊಡ ಹಿಡಿದು ಹೋಗುತ್ತಿದ್ದರು.

ನಾನು ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಚುನಾವಣೆ ಮುಗಿದ ಮೇಲೆ ಯಾರಿಗೆ ಏನು ಸಿಗುತ್ತದೆ, ಯಾಕೆ ಸಿಗುತ್ತದೆ ಅನ್ನುವುದೇ ನನ್ನ ಸಂಶೋಧನೆಯ ವಿಷಯ. ಈ ಪಂಚಾಯಿತಿಯನ್ನು 2021ರ ಜನವರಿಯಿಂದ ಮೂರು ವರ್ಷಕ್ಕೂ ಜಾಸ್ತಿ ಗಮನಿಸುತ್ತಾ ಬಂದೆ. ಊರಿನ ಹೆಸರು, ಜನರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ಅಲ್ಲೇ ಬದುಕಬೇಕು.

2020ರ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಈ ಪಂಚಾಯಿತಿಗೆ 13 ಜನ ಸದಸ್ಯರು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆಟೋ, ತೆಂಗಿನಕಾಯಿ, ಟ್ರಾಕ್ಟರ್ ತರಹದ ಗುರುತು ಕೊಡುತ್ತಾರೆ. ಆದರೆ ಯಾರು ಯಾವ ಪಾರ್ಟಿ ಅಂತ ಊರಿನ ಚಿಕ್ಕ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ನಮ್ಮ ಕಡೆ ‘ಪಾರ್ಟಿ’ ಅಂದರೆ ಬೆಂಗಳೂರಿನ ಪಕ್ಷವೂ ಹೌದು, ಊರಿನ ಗುಂಪೂ ಹೌದು, ಎರಡೂ ಬೆರೆತು ಹೋಗಿರುತ್ತವೆ. ಇಲ್ಲಿ ಒಂದು ಪಾರ್ಟಿಗೆ ಎಂಟು, ಇನ್ನೊಂದಕ್ಕೆ ಐದು.

ಗೆದ್ದವರಿಗೆ ಮೊದಲು ತಾವು ಯಾಕೆ ಗೆದ್ದೆವು ಅಂತಲೇ ಗೊತ್ತಿರುವುದಿಲ್ಲ, ಯಾಕೆಂದರೆ ಅಧ್ಯಕ್ಷ ಸ್ಥಾನದ ಮೀಸಲಾತಿ ನಿಗದಿಯಾಗುವುದು ಆಮೇಲೆ. ಜನವರಿಯಲ್ಲಿ ತಾಲ್ಲೂಕು ಕೇಂದ್ರದಲ್ಲಿ ಜಿಲ್ಲಾಧಿಕಾರಿ ಸಭೆ ಕರೆದು ಮೀಸಲಾತಿ ಹೇಳಿದಾಗ ಈ ಪಂಚಾಯಿತಿಗೆ ಬಂದದ್ದು ಪರಿಶಿಷ್ಟ ಜಾತಿ ಮಹಿಳೆ, ಮೂವತ್ತು ತಿಂಗಳು. ಹದಿಮೂರು ಜನರಲ್ಲಿ ಆ ಅರ್ಹತೆ ಇದ್ದವರು ಇಬ್ಬರೇ. ಒಬ್ಬರು ಎಂಟರ ಪಾರ್ಟಿಯಲ್ಲಿ, ಒಬ್ಬರು ಐದರಲ್ಲಿ. ಎಂಟರವರು ಎಲ್ಲರನ್ನೂ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸಿಕೊಂಡು, ಅಲ್ಲಿಂದ ಸೀದಾ ಪಂಚಾಯಿತಿ ಆಫೀಸಿಗೇ ತಂದು ಇಳಿಸಿದರು. ಅಧ್ಯಕ್ಷರಾದವರು ಕೂಲಿ ಮಾಡುತ್ತಿದ್ದ ಹೆಂಗಸು, ಏಳನೇ ಕ್ಲಾಸು ಓದಿದವರು. ಅದೇ ಕಾಲೋನಿಯವರು.

ಆಗ ನನಗೆ ಬಹಳ ನಿರೀಕ್ಷೆ ಇತ್ತು. ಅದಕ್ಕೆ ಕಾರಣ ಇತ್ತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಪ್ರಕಟಿಸಿದ ಸಂಶೋಧನೆಯನ್ನು ನಮ್ಮ ವಿಷಯದಲ್ಲಿ ಕೆಲಸ ಮಾಡುವ ಯಾರೂ ಮರೆಯುವುದಿಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ 265 ಪಂಚಾಯಿತಿಗಳನ್ನು ಅವರು ನೋಡಿದ್ದರು. ಮಹಿಳಾ ಮೀಸಲಾತಿ ಸರದಿಯ ಮೇಲೆ ಬರುತ್ತದೆ. ಊರು ಮುಂದುವರಿದದ್ದೋ ಹಿಂದುಳಿದದ್ದೋ ಅಂತ ನೋಡಿ ಬರುವುದಿಲ್ಲ. ಹಾಗಾಗಿ ಮೀಸಲು ಸಿಕ್ಕ ಊರು, ಸಿಗದ ಊರು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಬಂದದ್ದು ಅಧ್ಯಕ್ಷೆಯಿಂದಲೇ ಅಂತ ಧೈರ್ಯವಾಗಿ ಹೇಳಬಹುದು. ಅವರಿಗೆ ಕಂಡದ್ದು ಏನು ಅಂದರೆ, ಹೆಂಗಸರು ಯಾವ ವಿಷಯಕ್ಕೆ ಜಾಸ್ತಿ ದೂರು ಕೊಡುತ್ತಿದ್ದರೋ ಅದಕ್ಕೇ ಅಧ್ಯಕ್ಷೆಯರು ಜಾಸ್ತಿ ಖರ್ಚು ಮಾಡಿದ್ದರು. ಎರಡೂ ಜಿಲ್ಲೆಗಳಲ್ಲಿ ಅದು ಕುಡಿಯುವ ನೀರು.

ನೀರು ಮತ್ತು ಪಂಚಾಯಿತಿ ಅಂದಾಗ ನಮ್ಮ ರಾಜ್ಯದಲ್ಲಿ ಅಬ್ದುಲ್ ನಜೀರ್ ಸಾಬ್ ನೆನಪಾಗದೆ ಇರುವುದಿಲ್ಲ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಅದೇ ಮಂತ್ರಿ, 1983ರ ಪಂಚಾಯತ್ ರಾಜ್ ಕಾಯ್ದೆಯನ್ನೂ ತಂದರು. ಇಡೀ ದೇಶದ ಪಂಚಾಯಿತಿಗಳಿಗೆ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮುಂಚೆ, 1987ರ ಚುನಾವಣೆಯಲ್ಲೇ ನಮ್ಮಲ್ಲಿ ಹೆಂಗಸರಿಗೆ ಶೇ 25 ಸ್ಥಾನ ಇತ್ತು. ಈಗ ಅದು ಶೇ 50.

ಒಂದು ವರ್ಷದೊಳಗೆ ಕಾಲೋನಿಗೆ ನೀರು ಬರುತ್ತದೆ ಅಂತ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬರಲಿಲ್ಲ.

2021ರಲ್ಲಿ ಕೊರೋನಾ ಎರಡನೇ ಅಲೆಯಲ್ಲಿ ಮೂರು ತಿಂಗಳು ಸಭೆಯೇ ಸೇರಲಿಲ್ಲ. ಅದು ಬಿಡಿ. ಆಮೇಲೆ ಕ್ರಿಯಾ ಯೋಜನೆ ಮಾಡುವಾಗ ದುಡ್ಡು ಇತ್ತು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಇಡಬೇಕಿತ್ತು, ಬೇರೆಯದಕ್ಕೆ ಮುಟ್ಟುವ ಹಾಗಿರಲಿಲ್ಲ. ಅಧ್ಯಕ್ಷೆ ಕಾಲೋನಿ ಲೈನ್ ಕೇಳಿದರು. ಅವರ ಪಾರ್ಟಿಯವರೇ ಹೇಳಿದರು: ಮೊದಲು ಊರ ಟ್ಯಾಂಕ್ ರಿಪೇರಿ ಆಗಲಿ, ಮೇಲಿನ ಬೀದಿಗೆ ಇನ್ನೊಂದು ಬೋರ್ ಆಗಲಿ, ಕಾಲೋನಿಯದು ಆಮೇಲೆ ನೋಡೋಣ. ಎಂಟು ಕೈ ಮೇಲೆದ್ದವು. ಅದರಲ್ಲಿ ಅವರದೂ ಒಂದು. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ’ ಅಂತ ಬರೆದಿದೆ. ಎರಡನೇ ವರ್ಷವೂ ಹೀಗೇ ಆಯಿತು. ಕಾಲೋನಿಗೆ ಎರಡು ಚರಂಡಿ ಬಂತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಗಂಡನೇ ಅಧಿಕಾರ ನಡೆಸುತ್ತಿದ್ದಾನೆ, ಅದಕ್ಕೇ ಕೆಲಸ ಆಗುತ್ತಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಹೀಗೆ ಅಂದುಕೊಳ್ಳುವುದು ನಮಗೆಲ್ಲ ಸುಲಭ. ಆದರೆ ಆ ಮನುಷ್ಯ ಸಭೆಗೆ ಬರುತ್ತಲೇ ಇರಲಿಲ್ಲ, ಗಾರೆ ಕೆಲಸಕ್ಕೆ ಅರಸೀಕೆರೆಗೆ ಬೆಳಿಗ್ಗೆ ಏಳಕ್ಕೇ ಹೋಗುತ್ತಿದ್ದರು. ಅಧ್ಯಕ್ಷೆಯ ಕೈ ಕಟ್ಟಿದ್ದು ಮನೆಯವರಲ್ಲ, ಅವರನ್ನು ಕುರ್ಚಿಗೆ ಕೂರಿಸಿದ ಏಳು ಜನ. ಅವಿಶ್ವಾಸ ತರುತ್ತೇವೆ ಅನ್ನುವ ಮಾತು ಆಗಾಗ ತೇಲಿ ಬರುತ್ತಿತ್ತು. ಯಾರೂ ಗಟ್ಟಿಯಾಗಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ದಕ್ಷಿಣದ ನಾಲ್ಕು ರಾಜ್ಯಗಳ ಊರುಗಳನ್ನು ನೋಡಿ 2008ರಲ್ಲಿ ಬರೆದದ್ದನ್ನು ಆಗ ಮತ್ತೆ ತೆಗೆದು ಓದಿದೆ. ನಮ್ಮ ಕಡೆಯ ಅಧ್ಯಕ್ಷೆಯರು ಹೆಸರಿಗೆ ಮಾತ್ರ ಕೂತ ಗೊಂಬೆಗಳಲ್ಲ, ಆದರೆ ಒಟ್ಟಾರೆ ಕೆಲಸದಲ್ಲಿ ಗಂಡಸರಿಗಿಂತ ದೊಡ್ಡ ವ್ಯತ್ಯಾಸವೂ ಇಲ್ಲ ಅಂತ ಅವರು ಕಂಡಿದ್ದರು. ಅನುಭವ ಇದ್ದ ಕಡೆ ಅವರ ಕೆಲಸ ಚೆನ್ನಾಗಿತ್ತು. ಊರ ಜಮೀನು ಬಹುಪಾಲು ಮೇಲ್ಜಾತಿಯವರ ಕೈಯಲ್ಲಿದ್ದ ಕಡೆ ಹಿಂದೆ ಬಿದ್ದಿದ್ದರು. ಕೂಲಿಗೆ ಕರೆಯುವವರ ಮುಂದೆಯೇ ಕುರ್ಚಿ ಮೇಲೆ ಕೂತು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ.

ಇನ್ನೂ ಹತ್ತಿರದ್ದು ರಾಜಕೀಯ ವಿಜ್ಞಾನಿ ಥ್ಯಾಡ್ ಡನಿಂಗ್ ಮತ್ತು ಜಾಹ್ನವಿ ನಿಲೇಕಣಿ 2013ರಲ್ಲಿ ಪ್ರಕಟಿಸಿದ್ದು. ಅವರು ಮುಖ್ಯವಾಗಿ ನಮ್ಮ ಕರ್ನಾಟಕದ ಗ್ರಾಮ ಪಂಚಾಯಿತಿಗಳನ್ನೇ ನೋಡಿದರು. ಸರದಿಯಲ್ಲಿ ಕೂದಲೆಳೆಯಷ್ಟರಲ್ಲಿ ಮೀಸಲು ಸಿಕ್ಕಿದ ಪಂಚಾಯಿತಿ, ಅಷ್ಟರಲ್ಲೇ ತಪ್ಪಿದ ಪಂಚಾಯಿತಿ, ಇವೆರಡನ್ನು ಹೋಲಿಸಿದರು. ಪರಿಶಿಷ್ಟರಿಗೆ ಅಧ್ಯಕ್ಷ ಸ್ಥಾನ ಮೀಸಲಾದ ಮಾತ್ರಕ್ಕೆ ಪರಿಶಿಷ್ಟ ಕುಟುಂಬಗಳಿಗೆ ಸಿಗುವ ಸೌಲಭ್ಯ ಅಷ್ಟೇನೂ ಜಾಸ್ತಿಯಾಗಿರಲಿಲ್ಲ. ಜಾತಿಗಿಂತ ಪಾರ್ಟಿ ನಂಟು ಜಾಸ್ತಿ ಕೆಲಸ ಮಾಡಿತ್ತು. ಚಿಹ್ನೆಯೇ ಇಲ್ಲದ ಚುನಾವಣೆಯಲ್ಲಿ! ಹೊರಗಿನವರಿಗೆ ಇದು ಆಶ್ಚರ್ಯ ಅನ್ನಿಸಬಹುದು. ಧರ್ಮಸ್ಥಳದ ಆಣೆ ನೋಡಿದ್ದ ನನಗೆ ಅನ್ನಿಸಲಿಲ್ಲ.

ಆದರೂ ನನ್ನ ಮನಸ್ಸು ಅಲ್ಲಿಗೆ ಒಪ್ಪಲಿಲ್ಲ. ಯಾಕೆಂದರೆ ಅಧ್ಯಕ್ಷೆ ಸುಮ್ನೆ ಕೂತಿರಲಿಲ್ಲ. ಅವರು ಮಾಡಿದ ಎರಡು ಕೆಲಸ ಯಾವ ಅಂಕಿಅಂಶದಲ್ಲೂ ಕಾಣುವಂಥದ್ದಲ್ಲ, ಆದರೆ ಮುಂದೆ ನಡೆದದ್ದಕ್ಕೆಲ್ಲ ಅದೇ ಬುನಾದಿ.

ಮೊದಲನೆಯದು ಡೋಂಗಲ್. ಪಂಚಾಯಿತಿ ದುಡ್ಡು ಹೊರಗೆ ಹೋಗಬೇಕಾದರೆ ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿಯೂ ಬೇಕು. ಆ ಸಹಿ ಇರುವುದು ಬೆರಳುದ್ದದ ಡೋಂಗಲ್‌ನಲ್ಲಿ. ಹೊಸದರಲ್ಲಿ ಅಧ್ಯಕ್ಷೆಯ ಡೋಂಗಲ್ ಆಫೀಸಿನ ಡ್ರಾಯರಿನಲ್ಲೇ ಇರುತ್ತಿತ್ತು, ಬೇಕಾದಾಗ ಯಾರೋ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಅವರು ಅದನ್ನು ತೆಗೆದು ಪರ್ಸಿಗೆ ಹಾಕಿಕೊಂಡರು. ‘ನಾನು ಬಂದಾಗಲೇ ಹಾಕಿ’ ಅಂದರು. ಜಗಳ ಇಲ್ಲ, ಭಾಷಣ ಇಲ್ಲ. ಅವತ್ತಿನಿಂದ ಪ್ರತಿ ಬಿಲ್ಲೂ ಏನಕ್ಕೆ, ಎಲ್ಲಿಗೆ, ಯಾರಿಗೆ ಅಂತ ಅವರಿಗೆ ಓದಿ ಹೇಳಬೇಕಾಯಿತು. ಆರು ತಿಂಗಳಲ್ಲಿ ಅವರಿಗೆ ಯಾವ ಹೆಡ್ಡಿನಲ್ಲಿ ಎಷ್ಟು ದುಡ್ಡು ಉಳಿದಿದೆ ಅನ್ನುವುದು ಬಾಯಿಪಾಠ ಆಗಿತ್ತು.

ಎರಡನೆಯದು 2022ರ ಆಗಸ್ಟಿನ ಗ್ರಾಮಸಭೆ. ಸದಸ್ಯರ ಸಭೆಯಲ್ಲಿ ಎಂಟು ಕೈಗಳ ಲೆಕ್ಕ ಇರಬಹುದು, ಗ್ರಾಮಸಭೆಯಲ್ಲಿ ಊರೇ ಕೂರುತ್ತದೆ. ಕಾಲೋನಿಯ ಹೆಂಗಸರು ಅವತ್ತು ಕೂಲಿ ಬಿಟ್ಟು ಬಂದರು. ಹಿಂದಿನ ಬರದಲ್ಲಿ ಶಾಲೆ ಪಕ್ಕ ಕೊರೆಸಿ ಮೋಟಾರ್ ಇಳಿಸದೆ ಬಿಟ್ಟಿದ್ದ ಒಂದು ಸರ್ಕಾರಿ ಬೋರ್ ಇತ್ತು. ಅದಕ್ಕೆ ಮೋಟಾರ್, ಅಲ್ಲಿಂದ ಕಾಲೋನಿಗೆ ಬೇರೆಯೇ ಪೈಪ್, ಒಂದು ತೊಂಬೆ. ಇಷ್ಟೇ ಬೇಡಿಕೆ. ಊರ ಟ್ಯಾಂಕಿನ ನೀರಲ್ಲಿ ಪಾಲು ಕೇಳಲಿಲ್ಲ, ಹಾಗಾಗಿ ಎದ್ದು ನಿಂತು ಬೇಡ ಅನ್ನುವುದಕ್ಕೆ ಯಾರಿಗೂ ಕಾರಣ ಸಿಗಲಿಲ್ಲ. ಠರಾವು ಆಯಿತು. ಅಧ್ಯಕ್ಷೆ ನಡಾವಳಿಯ ನಕಲನ್ನು ಅವತ್ತೇ ತೆಗೆಸಿಕೊಂಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಗೆ ತಂದಿಟ್ಟರು.

ಗ್ರಾಮಸಭೆ ಬರೀ ಶಾಸ್ತ್ರಕ್ಕೆ ನಡೆಯುತ್ತದೆ ಅನ್ನುವವರಿಗೆ ಒಂದು ವಿಷಯ ಹೇಳುತ್ತೇನೆ. ಟಿಮ್ ಬೆಸ್ಲಿ, ರೋಹಿಣಿ ಪಾಂಡೆ ಮತ್ತು ವಿಜಯೇಂದ್ರ ರಾವ್ 2005ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಅಧ್ಯಯನದಲ್ಲಿ, ಗ್ರಾಮಸಭೆ ನಡೆಸುವ ಊರುಗಳಲ್ಲಿ ಬಿಪಿಎಲ್ ಕಾರ್ಡು ಭೂಮಿ ಇಲ್ಲದವರಿಗೆ, ಓದು ಬಾರದವರಿಗೆ ತಲುಪುವುದು ಜಾಸ್ತಿ ಇತ್ತು. ಸಭೆ ನಡೆದರೆ ಏನಾದರೂ ಆಗುತ್ತದೆ.

ಆದರೆ ಠರಾವು ಆದ ಮೇಲೂ ಐದು ತಿಂಗಳು ಕಾಗದ ಕಾಗದವಾಗಿಯೇ ಇತ್ತು. ಅದು ಕದಲಿದ್ದು ಊರಿಗೆ ಸಂಬಂಧವೇ ಇಲ್ಲ ಅನ್ನಿಸುವ ಕಾರಣಕ್ಕೆ.

2023ರ ಮೇ 10ಕ್ಕೆ ವಿಧಾನಸಭಾ ಚುನಾವಣೆ. ಅರಸೀಕೆರೆಯಲ್ಲಿ 2008ರಿಂದ ಜೆಡಿಎಸ್ಸಿನಿಂದ ಗೆಲ್ಲುತ್ತಾ ಬಂದಿದ್ದ ಕೆ.ಎಂ. ಶಿವಲಿಂಗೇಗೌಡರು ಪಕ್ಷ ಬಿಡುತ್ತಾರೆ ಅನ್ನುವ ಮಾತು ಅದಕ್ಕೆ ಮುಂಚೆಯೇ ಇತ್ತು. ಏಪ್ರಿಲಿನಲ್ಲಿ ಅವರು ಕಾಂಗ್ರೆಸ್ ಸೇರಿ, ಅದೇ ಪಕ್ಷದಿಂದ ಗೆದ್ದರು. ಹಾಸನ ಜಿಲ್ಲೆಯಲ್ಲಿ ಜೆಡಿಎಸ್ ಅಂದರೆ ಏನು ಅಂತ ಗೊತ್ತಿದ್ದವರಿಗೆ, ಇದು ಪ್ರತಿ ಊರಿನ ಜಗಲಿಗೂ ಬಂದ ಬಿರುಕು ಅಂತ ಬೇರೆ ಹೇಳಬೇಕಿಲ್ಲ. ಶಾಸಕರ ಜೊತೆ ಹೋಗುವುದೋ, ಪಕ್ಷದಲ್ಲೇ ಉಳಿಯುವುದೋ? ಜನವರಿ, ಫೆಬ್ರುವರಿ ಹೊತ್ತಿಗೆ ಈ ಪಂಚಾಯಿತಿಯ ಎಂಟು ಜನ ನಾಲ್ಕು-ನಾಲ್ಕಾಗಿ ಒಡೆದಿದ್ದರು. ಹದಿಮೂರರಲ್ಲಿ ಏಳು ಕೈ ಯಾರ ಹತ್ತಿರವೂ ಇರಲಿಲ್ಲ. ಐದು, ನಾಲ್ಕು, ನಾಲ್ಕು.

ಆ ವಾರಗಳಲ್ಲಿ ನಾನು ಕಾಲೋನಿಗೆ ಹೋದಾಗಲೆಲ್ಲ ಅಲ್ಲಿ ಯಾರಾದರೂ ಮುಖಂಡರು ಕೂತಿರುತ್ತಿದ್ದರು. ಮುಂಚೆ ಆ ಕಡೆ ತಲೆ ಹಾಕದಿದ್ದವರು. ಕಾಲೋನಿಯ ಓಟು ಅಲ್ಲಿಯವರೆಗೂ ‘ನಮ್ಮದೇ’ ಅಂತ ಲೆಕ್ಕದಲ್ಲಿತ್ತು. ಈಗ ಯಾರದು ಅಂತ ಯಾರಿಗೂ ಗೊತ್ತಿರಲಿಲ್ಲ.

ಅಧ್ಯಕ್ಷೆ ಆಗ ಮಾಡಿದ ಕೆಲಸ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ಐದರ ಪಾರ್ಟಿಯಲ್ಲಿದ್ದ ಇನ್ನೊಬ್ಬ ಮಹಿಳೆ, ಅಂದರೆ ಎರಡು ವರ್ಷದ ಹಿಂದೆ ತಮ್ಮ ಎದುರಾಳಿಯಾಗಿದ್ದವರು, ಅವರ ಮನೆಗೆ ಒಬ್ಬರೇ ಹೋದರು. ಇಬ್ಬರೂ ಅದೇ ಕಾಲೋನಿಯವರು, ಮಧ್ಯೆ ನಾಲ್ಕು ಮನೆ. ಚುನಾವಣೆ ಆದಮೇಲೆ ಮಾತು ಬಿಟ್ಟಿದ್ದರು. ಕವರಿನಿಂದ ಠರಾವಿನ ನಕಲು ತೆಗೆದು ತೋರಿಸಿ, ನಿಮ್ಮ ಐದು ಜನರ ಕೈ ಎತ್ತಿಸಿದರೆ ನನ್ನ ಕಡೆಯ ನಾಲ್ಕನ್ನು ನಾನು ನೋಡಿಕೊಳ್ಳುತ್ತೇನೆ ಅಂದರಂತೆ. ಇದನ್ನು ಇಬ್ಬರೂ ನನಗೆ ಬೇರೆ ಬೇರೆ ದಿನ, ಒಂದೇ ತರಹ ಹೇಳಿದರು.

ಫೆಬ್ರುವರಿ ಸಭೆಯಲ್ಲಿ ಕ್ರಿಯಾ ಯೋಜನೆ ಬದಲಾವಣೆ ಬಂತು. ನೀರಿನ ಹೆಡ್ಡಿನಲ್ಲಿ ದುಡ್ಡು ಉಳಿದಿದೆ, ಗ್ರಾಮಸಭೆ ಠರಾವು ಇದೆ, ಬೋರ್ ಇದೆ, ಎಸ್ಟಿಮೇಟ್ ಆಗಿದೆ. ನೀತಿ ಸಂಹಿತೆ ಬರುವುದರೊಳಗೆ ಶುರು ಮಾಡಬಹುದಾದ ಕೆಲಸ ಅಂತ ಮೇಜಿನ ಮೇಲೆ ಇದ್ದದ್ದು ಇದೊಂದೇ. ಈ ಸಲ ಹದಿಮೂರೂ ಕೈ ಎದ್ದವು, ಯಾಕೆಂದರೆ ಎತ್ತದೆ ಇದ್ದವರ ಹೆಸರು ಸಂಜೆಯೊಳಗೆ ಕಾಲೋನಿಗೆ ತಲುಪುತ್ತಿತ್ತು. ಮಾರ್ಚ್ 29ಕ್ಕೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ತೊಂಬೆಗೆ ನೀರು ಅದಕ್ಕೆ ಎರಡು ದಿನ ಮುಂಚೆ ಬಂದಿತ್ತು.

ಹಾಗಾದರೆ ನೀರು ತಂದದ್ದು ಯಾವುದು? ಮೀಸಲಾತಿಯೋ, ಪಾರ್ಟಿ ಒಡೆದದ್ದೋ? ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ನನಗಿಂತ ಜೋರಾಗಿ ಕೇಳಿದರು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬರೀ ಮೀಸಲಾತಿ ಸಾಕಾಗಿದ್ದರೆ 2021ರಲ್ಲೇ ಬರಬೇಕಿತ್ತು. ಬರೀ ಪೈಪೋಟಿ ಸಾಕಾಗಿದ್ದರೆ ಆ ಮುಖಂಡರು ಕಾಲೋನಿಗೆ ಬಂದು ಒಂದು ಸಮುದಾಯ ಭವನದ ಭರವಸೆ ಕೊಟ್ಟು ಹೋಗುತ್ತಿದ್ದರು, ಹಿಂದಿನ ಚುನಾವಣೆಗಳಲ್ಲಿ ಕೊಟ್ಟ ಹಾಗೆ. ಪೈಪೋಟಿ ಬಂದಾಗ ಅದನ್ನು ಹಿಡಿದು ಒಂದು ನಿರ್ದಿಷ್ಟ ಕೆಲಸಕ್ಕೆ ತಿರುಗಿಸಲು ಒಬ್ಬರು ಒಳಗೆ ಇರಬೇಕಿತ್ತು. ದುಡ್ಡಿನ ಲೆಕ್ಕ ಗೊತ್ತಿರುವವರು, ಠರಾವು ಕೈಯಲ್ಲಿರುವವರು, ಆ ನೀರು ತಾವೇ ಹೊರಬೇಕಾಗಿದ್ದವರು. ಮೀಸಲಾತಿ ಅವರನ್ನು ಒಳಗೆ ಕೂರಿಸಿತು, ಎರಡು ವರ್ಷ ಕಲಿಯಲು ಬಿಟ್ಟಿತು. ಅಷ್ಟಾಗದೆ ಇದ್ದಿದ್ದರೆ ಫೆಬ್ರುವರಿಯಲ್ಲಿ ಮೇಜಿನ ಮೇಲೆ ಬೇರೆ ಯಾವುದೋ ಎಸ್ಟಿಮೇಟ್ ಇರುತ್ತಿತ್ತು.

ಇದರಿಂದ ಡನಿಂಗ್ ಮತ್ತು ನಿಲೇಕಣಿ ಹೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ನೂರಾರು ಪಂಚಾಯಿತಿಗಳ ಸರಾಸರಿ ಮುಂದೆ ಒಂದು ಊರು ಏನೂ ಅಲ್ಲ. 2022ರ ಡಿಸೆಂಬರಿನಲ್ಲಿ ಯಾರಾದರೂ ಸರ್ವೆಗೆ ಬಂದಿದ್ದರೆ ಈ ಪಂಚಾಯಿತಿಯೂ ‘ವ್ಯತ್ಯಾಸ ಇಲ್ಲ’ ಅನ್ನುವ ಕಡೆಗೇ ಸೇರುತ್ತಿತ್ತು, ಅದೂ ಸರಿಯೇ. ನಾಲ್ಕು ತಿಂಗಳು ಬಿಟ್ಟು ಬಂದಿದ್ದರೆ ಇನ್ನೊಂದು ಕಡೆ ಸೇರುತ್ತಿತ್ತು. ಅದಕ್ಕೇ ನಾನು ಒಂದೇ ಊರಿಗೆ ಮೂರು ವರ್ಷ ಓಡಾಡಿದ್ದು.

ನೀರು ಬಂತೋ ಇಲ್ಲವೋ ಅಂತ ಅಳೆಯುವುದರ ಬಗ್ಗೆಯೂ ಒಂದು ಮಾತು. ನಲ್ಲಿ ಎಣಿಸಿದರೆ ಈ ಕಾಲೋನಿ ಮೊದಲೇ ಪಾಸಾಗಿತ್ತು, ಅಲ್ವಾ? ಹಾಗಾಗಿ ನಾವು ನಲ್ಲಿ ಎಣಿಸಲಿಲ್ಲ. ಕಾಲೋನಿಯ ಇಬ್ಬರು ಪಿಯುಸಿ ಹುಡುಗಿಯರಿಗೆ ಒಂದು ಪುಸ್ತಕ ಕೊಟ್ಟೆವು. ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು, ಅವತ್ತು ತೋಟದ ಬೋರಿಗೆ ಯಾರಾದರೂ ಹೋದರೋ ಇಲ್ಲವೋ. ದಿನಾ ಮೂರು ಸಾಲು. ಆ ಪುಸ್ತಕದಷ್ಟು ನಂಬಿಕೆ ನನಗೆ ಬೇರೆ ಯಾವ ದಾಖಲೆಯ ಮೇಲೂ ಇಲ್ಲ.

2023ರ ನಡುವಿನಲ್ಲಿ ಎರಡನೇ ಅವಧಿಯ ಮೀಸಲಾತಿ ಬಂತು. ಈ ಪಂಚಾಯಿತಿಗೆ ಸಾಮಾನ್ಯ. ಐದರ ಪಾರ್ಟಿಯ ಒಬ್ಬರು ಅಧ್ಯಕ್ಷರಾದರು. ಅದೇ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅರಸೀಕೆರೆಯ ಕಡೆ ತೆಂಗಿನ ಗರಿಗಳು ಜೋತು ಬಿದ್ದಿದ್ದವು. ನಿಜವಾದ ಪರೀಕ್ಷೆ ಇದೇ ಅಂತ ನನಗೆ ಅನ್ನಿಸಿತ್ತು. ಕುರ್ಚಿಯಲ್ಲಿ ಅವರಿಲ್ಲ, ವಿಧಾನಸಭೆ ಚುನಾವಣೆ ಮುಗಿದಿದೆ, ಬೋರಿನಲ್ಲಿ ನೀರು ಇಳಿಯುತ್ತಿದೆ. ಕಾಲೋನಿ ಲೈನಿಗೆ ಮೇಲಿನ ಬೀದಿಯವರು ಕೈ ಹಾಕುತ್ತಾರಾ?

2024ರ ಫೆಬ್ರುವರಿಯಲ್ಲಿ ಒಂದು ಪ್ರಯತ್ನ ಆಯಿತು. ಶಾಲೆ ಬೋರನ್ನು ಊರ ಟ್ಯಾಂಕಿಗೂ ಸೇರಿಸೋಣ ಅಂತ ಸಭೆಯಲ್ಲಿ ಮಾತು ಬಂತು. ಹಳೆಯ ಅಧ್ಯಕ್ಷೆ ಆಗ ಬರೀ ಸದಸ್ಯೆ. ಅವರು ಎದ್ದು ಠರಾವಿನ ತಾರೀಖು ಹೇಳಿದರು. ಇನ್ನೊಬ್ಬ ಮಹಿಳೆ, ಹೊಸ ಅಧ್ಯಕ್ಷರ ಪಾರ್ಟಿಯವರೇ, ಅವರೂ ಎದ್ದು ನಿಂತರು. ಮಾತು ಅಲ್ಲಿಗೇ ನಿಂತಿತು. ನೀರು ದಿನ ಬಿಟ್ಟು ದಿನಕ್ಕೆ ಇಳಿಯಿತು, ಮೇಲಿನ ಬೀದಿಗೂ ಆಗ ದಿನ ಬಿಟ್ಟು ದಿನವೇ ಇತ್ತು. ಹುಡುಗಿಯರ ಪುಸ್ತಕದಲ್ಲಿ ಆ ಬೇಸಿಗೆಯ ಹಾಳೆಗಳಲ್ಲಿ ‘ತೋಟದ ಬೋರಿಗೆ ಹೋದೆವು’ ಅಂತ ಬರೆದಿರುವುದು ಅಲ್ಲೊಂದು ಇಲ್ಲೊಂದು ದಿನ ಮಾತ್ರ.

ರಿಖಿಲ್ ಭಾವ್ನಾನಿ ಅನ್ನುವ ರಾಜಕೀಯ ವಿಜ್ಞಾನಿ ಮುಂಬೈ ಪಾಲಿಕೆಯ ವಾರ್ಡುಗಳನ್ನು ನೋಡಿ 2009ರಲ್ಲಿ ಬರೆದ ಒಂದು ವಿಷಯವನ್ನು ಹಳೆಯ ಅಧ್ಯಕ್ಷೆಗೆ ಹೇಳಿದೆ. ಒಮ್ಮೆ ಮಹಿಳೆಗೆ ಮೀಸಲಾಗಿದ್ದ ವಾರ್ಡಿನಲ್ಲಿ ಮೀಸಲು ಹೋದ ಮೇಲೂ ಮಹಿಳೆ ಗೆಲ್ಲುವ ಸಾಧ್ಯತೆ, ಮೀಸಲು ಬಾರದೇ ಇದ್ದ ವಾರ್ಡಿಗಿಂತ ಸುಮಾರು ಐದು ಪಟ್ಟು ಜಾಸ್ತಿ ಇತ್ತು ಅಂತ. ಅವರು ಕೇಳಿಸಿಕೊಂಡು, ‘ಮುಂಬೈಯಲ್ಲಿ ಖರ್ಚು ಯಾರು ಹಾಕುತ್ತಾರೆ?’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಮುಂದಿನ ಚುನಾವಣೆಯಲ್ಲಿ ಜನರಲ್ ಬಂದರೂ ನಿಲ್ಲುತ್ತೇನೆ ಅಂದರು. ಕಾಲೋನಿಯ ಆ ಇನ್ನೊಬ್ಬ ಸದಸ್ಯೆ ಮತ್ತು ಅವರು, ತಮ್ಮಿಬ್ಬರಲ್ಲಿ ಒಬ್ಬರು ಮಾತ್ರ ನಿಲ್ಲುವುದು, ಇನ್ನೊಬ್ಬರು ಮನೆ ಮನೆ ಸುತ್ತುವುದು ಅಂತ ಆಗಲೇ ಮಾತಾಡಿಕೊಂಡಿದ್ದರು. ಯಾರು ನಿಲ್ಲುವುದು ಅಂತ ಆಗಿನ್ನೂ ತೀರ್ಮಾನ ಆಗಿರಲಿಲ್ಲ.